ಹಡದಾಕಿ ಎಲ್ಲಿ ಹೋದ್ಲು?



ಹೋದ ವರ್ಷ ಗಣಪತಿ ಕೂತು ಆರು ದಿನ ಆಗಿತ್ತು. ಗಜೇಂದ್ರಗಡಕ್ಕೆ, ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಎಪ್ಪತ್ತು ದಾಟಿದೆ. ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅವಳ ಮೊಮ್ಮಗ ಹಬ್ಬಕ್ಕೆಂದು ಬಂದವನು ಇನ್ನೂ ಅಲ್ಲೇ ಇದ್ದ. ರಾತ್ರಿ ಊಟ ಮುಗಿದ ಮೇಲೆ, ‘ಅಜ್ಜಾ, ಒಂದು ದೆವ್ವದ ಪಿಚ್ಚರ್ ಹಚ್ತೀನಿ, ಕುಂದರ್ರಿ. ಅಂಜಬ್ಯಾಡ್ರಿ ಮತ್ತ’ ಎಂದು ತನ್ನ ಫೋನನ್ನು ಟೀವಿಗೆ ಜೋಡಿಸಿದ. ಅಕ್ಕ ಮರದ ತುಂಬ ಹೊಸ ಹೆಸರುಕಾಳು ಹಾಕಿಕೊಂಡು ಹಳ್ಳು ಆರಿಸುತ್ತ ಗೋಡೆಗೆ ಆನಿ ಕೂತಳು. ಚಿತ್ರ ಇಂಗ್ಲಿಷಿನದು. ಹುಡುಗ ಅರ್ಧ ಹೇಳುವುದು, ಉಳಿದರ್ಧ ಅಕ್ಕ ತಾನೇ ಜೋಡಿಸಿಕೊಳ್ಳುವುದು, ಹೀಗೆ ನಡೆದಿತ್ತು.

ಆ ಚಿತ್ರದ ಹೆಸರು ‘ಲುಕ್ ವಾಟ್ಸ್ ಹ್ಯಾಪನ್ಡ್ ಟು ರೋಸ್‌ಮೆರೀಸ್ ಬೇಬಿ’. ರೋಸ್‌ಮೆರಿಯ ಕೂಸು ಏನಾಯಿತು ನೋಡಿರಿ, ಎಂದು ಅರ್ಥ. ಥೇಟರಿಗಾಗಿ ಮಾಡಿದ್ದಲ್ಲ, ಟೀವಿಗಾಗಿಯೇ ತೆಗೆದದ್ದು. 1976ರ ಅಕ್ಟೋಬರ್ 29ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂತು. ಸೈತಾನನಿಗೆ ಹುಟ್ಟಿದ ಒಂದು ಕೂಸಿನ ಕಥೆ. ‘ಅಂಜಬ್ಯಾಡ್ರಿ’ ಎಂದ ಹುಡುಗ ಅರ್ಧ ಗಂಟೆಯೊಳಗೆ ಆಕಳಿಸಿದ. ನಾನು ಎರಡು ಸಲ ನೀರು ಕುಡಿಯಲು ಎದ್ದೆ. ಅಕ್ಕ ಮಾತ್ರ ಕೊನೆಯವರೆಗೂ ಕೂತು ನೋಡಿದಳು. ಅವಳು ಕೂತದ್ದು ಅಂಜಿಕೆಯಿಂದ ಅಲ್ಲ. ಅವಳಿಗೆ ಒಂದು ಲೆಕ್ಕ ಹತ್ತಿರಲಿಲ್ಲ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲಿಗೆ ಇದರ ಹಿಂದಿನ ಕಥೆ ಹೇಳಬೇಕು. ಐರಾ ಲೆವಿನ್ ಎಂಬ ಲೇಖಕ 1967ರಲ್ಲಿ ಒಂದು ಕಾದಂಬರಿ ಬರೆದ. ಮರುವರ್ಷವೇ ರೋಮನ್ ಪೊಲಾನ್ಸ್ಕಿ ಅದನ್ನು ಚಿತ್ರ ಮಾಡಿದ, ‘ರೋಸ್‌ಮೆರೀಸ್ ಬೇಬಿ’ ಎಂದು. ನ್ಯೂಯಾರ್ಕಿನ ಹಳೆಯ ದೊಡ್ಡ ಕಟ್ಟಡವೊಂದಕ್ಕೆ ಎಳೆಯ ಗಂಡಹೆಂಡತಿ ಬಾಡಿಗೆಗೆ ಬರುತ್ತಾರೆ. ಗಂಡ ನಾಟಕದವನು, ಪಾತ್ರ ಸಿಗದೆ ಒದ್ದಾಡುತ್ತಿರುವವನು. ಪಕ್ಕದ ಮನೆಯಲ್ಲಿ ಮುದುಕ ಮುದುಕಿ, ಬಹಳ ಉಪಕಾರಿಗಳು. ಬಸುರಿಗೆಂದು ದಿನಾ ಒಂದು ಲೋಟ ಏನೋ ಅರೆದು ತಂದುಕೊಡುತ್ತಾರೆ. ಬಾಣಂತನದ ಊರಿನವರಾದ ನಮಗೆ ಆ ಲೋಟ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಸರಿಯಾದ ಔಷಧವಲ್ಲ ಎಂದು. ಹೆಣ್ಣುಮಗಳು ದಿನದಿನಕ್ಕೆ ಸೊರಗುತ್ತಾಳೆ. ಗಂಡ ತನ್ನ ಏಳಿಗೆಗಾಗಿ ಹೆಂಡತಿಯ ಹೊಟ್ಟೆಯನ್ನೇ ಮಾರಿಕೊಂಡಿದ್ದಾನೆ ಎಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಹೆರಿಗೆ ಆಗಿಹೋಗಿದೆ.

ಆ ಚಿತ್ರದ ಕೊನೆಯ ನಾಲ್ಕೈದು ನಿಮಿಷ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೂಸು ಸತ್ತಿತು ಎಂದು ಬಾಣಂತಿಗೆ ಹೇಳಿದ್ದಾರೆ. ಅವಳಿಗೆ ಗೋಡೆಯ ಆಚೆ ಅಳು ಕೇಳುತ್ತದೆ. ಕೈಯಲ್ಲಿ ಚೂರಿ ಹಿಡಿದು ಆ ಕಡೆಯ ಮನೆಗೆ ಹೋಗುತ್ತಾಳೆ. ಅಲ್ಲಿ ಒಂದಿಷ್ಟು ಮಂದಿ, ನಮ್ಮಲ್ಲಿ ತೊಟ್ಟಿಲ ಕಾರ್ಯಕ್ಕೆ ಕೂಡಿದಂತೆ ಕೂಡಿದ್ದಾರೆ. ನಡುವೆ ಕರಿ ಅರಿವೆ ಹೊದಿಸಿದ ತೊಟ್ಟಿಲು. ಅವಳು ಅರಿವೆ ಸರಿಸಿ ಬಗ್ಗಿ ನೋಡುತ್ತಾಳೆ. ಕಣ್ಣು ಅಗಲವಾಗುತ್ತವೆ, ಕೈ ಬಾಯಿಗೆ ಹೋಗುತ್ತದೆ. ಇದರ ಕಣ್ಣಿಗೆ ಏನು ಮಾಡಿದಿರಿ ಎಂದು ಕೇಳುತ್ತಾಳೆ. ಅಪ್ಪನ ಕಣ್ಣೇ ಬಂದಿವೆ ಎಂದು ಮುದುಕ ಹೇಳುತ್ತಾನೆ. ಕಡೆಗೆ ಅವಳ ಕೈಯಿಂದ ಚೂರಿ ಬಿದ್ದುಹೋಗುತ್ತದೆ. ನಮಗೆ ಕೂಸನ್ನು ತೋರಿಸುವುದೇ ಇಲ್ಲ! ಒಂದು ಕ್ಷಣ ಎರಡು ಕಣ್ಣು ಹಾದುಹೋಗುತ್ತವೆ, ಅಷ್ಟೆ. ಆದರೂ ಕೂಸಿನ ಮುಖ ಕಂಡೆವು, ಹೀಗಿತ್ತು ಹಾಗಿತ್ತು ಎಂದು ಆಣೆ ಮಾಡಿ ಹೇಳುವ ಪ್ರೇಕ್ಷಕರು ಇವತ್ತಿಗೂ ಇದ್ದಾರೆ.

ಆಮೇಲೆ ಏನಾಗುತ್ತದೆ? ಕೂಸು ಅಳುತ್ತದೆ. ಒಬ್ಬ ಹೆಂಗಸು ತೊಟ್ಟಿಲನ್ನು ಗಡಗಡ ತೂಗುತ್ತಿದ್ದಾಳೆ. ರೋಸ್‌ಮೆರಿ ತಡೆಯಲಾರದೆ, ನೀನು ಬಹಳ ಜೋರಾಗಿ ತೂಗುತ್ತಿದ್ದೀ ಎನ್ನುತ್ತಾಳೆ. ಹಾಗಾದರೆ ನೀನೇ ತೂಗು ಎನ್ನುತ್ತಾನೆ ಮುದುಕ. ಅವಳು ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಹೋಗಿ ತೂಗುತ್ತಾಳೆ. ಚಿತ್ರದ ಮೊದಲಲ್ಲಿ ಕೇಳಿದ್ದ ಜೋಗುಳ ಮತ್ತೆ ಕೇಳಿಸುತ್ತದೆ. ಆ ಪಾತ್ರ ಮಾಡಿದ ಮಿಯಾ ಫ್ಯಾರೋ ತಾನೇ ಹಾಡಿದ್ದು. ಮುಗಿಯಿತು.

ನಾನು ಈ ಮೊದಲ ಚಿತ್ರವನ್ನು ಕೇಬಲ್ ಬಂದ ಕಾಲದಲ್ಲಿ ನೋಡಿದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸೈತಾನ ನಮ್ಮ ದೇವರಲ್ಲ, ನಮ್ಮ ದೆವ್ವವೂ ಅಲ್ಲ. ರೋಣದ ಎರೆ ಹೊಲದಲ್ಲಿ ಬೆಳೆದವನಿಗೆ ಅವನ ಅಂಜಿಕೆ ಯಾಕೆ? ಅಂಜಿಸಿದ್ದು ಸೈತಾನನಲ್ಲ, ಜೋರಾಗಿ ತೂಗಬೇಡ ಎಂದ ಆ ತಾಯಿಯ ಮಾತು. ಕೊಲ್ಲಲು ಚೂರಿ ತಂದಾಕೆ ತೊಟ್ಟಿಲು ತೂಗಲು ನಿಂತಳಲ್ಲ, ಅದು.

ಇನ್ನು 1976ರ ಟೀವಿ ಚಿತ್ರಕ್ಕೆ ಬರೋಣ. ಇದನ್ನು ನಿರ್ದೇಶಿಸಿದವನು ಸ್ಯಾಮ್ ಓಸ್ಟೀನ್. ಸಾಮಾನ್ಯನಲ್ಲ, ಮೊದಲ ಚಿತ್ರದ ಸಂಕಲನ ಮಾಡಿದವನೇ ಅವನು. ‘ದಿ ಗ್ರಾಜುಯೇಟ್’, ‘ಚೈನಾಟೌನ್’ ಇವೂ ಅವನ ಕತ್ತರಿಯಿಂದ ಬಂದವೇ. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲ ಚಿತ್ರದಲ್ಲಿ ಪಕ್ಕದ ಮನೆ ಮುದುಕಿಯಾಗಿ ಆಸ್ಕರ್ ಪಡೆದ ರೂತ್ ಗಾರ್ಡನ್ ಇದರಲ್ಲೂ ಅದೇ ಮುದುಕಿ. ರೋಸ್‌ಮೆರಿಯಾಗಿ ಪ್ಯಾಟಿ ಡ್ಯೂಕ್, ಒಳ್ಳೆಯ ನಟಿ. ಹಿಟ್ಟು ಚೊಲೋ ಇತ್ತು, ನೀರು ಚೊಲೋ ಇತ್ತು. ರೊಟ್ಟಿ ಮಾತ್ರ ಹರಿಯಿತು.

ಚಿತ್ರ ಶುರುವಾದಾಗ ಕೂಸಿಗೆ ಎಂಟು ವರ್ಷ. ತಾಯಿ ಆ ಸೈತಾನನ ಮಂದಿಯ ಕೈಯಿಂದ ಮಗನನ್ನು ಬಿಡಿಸಿಕೊಂಡು ಓಡುತ್ತಾಳೆ. ಇಲ್ಲಿಯವರೆಗೆ ಅಕ್ಕ ಹೆಸರು ಆರಿಸುವುದನ್ನು ಬಿಟ್ಟು ನೋಡುತ್ತಿದ್ದಳು. ‘ಹುಡುಗಗ ಒಂದು ತುತ್ತು ಉಣ್ಣಾಕರ ಕೊಟ್ಟಾಳೋ ಇಲ್ಲೋ’ ಎಂದು ಒಮ್ಮೆ ಗೊಣಗಿದಳು. ಅಷ್ಟರಲ್ಲಿ ಒಂದು ಬಸ್ಸು ಬಂತು. ರೋಸ್‌ಮೆರಿ ಹತ್ತಿದಳು. ಹುಡುಗ ಕೆಳಗೆ ಉಳಿದ. ಬಾಗಿಲು ಮುಚ್ಚಿತು. ನೋಡುತ್ತಾಳೆ, ಬಸ್ಸಿಗೆ ಡ್ರೈವರೇ ಇಲ್ಲ. ಬಸ್ಸು ತಾನಾಗಿಯೇ ಹೊರಟುಹೋಯಿತು. ಹುಡುಗನ ತಾಯಿ ಅಲ್ಲಿಗೆ ಚಿತ್ರದಿಂದಲೇ ಹೋದಳು.

ನನಗೆ ನಗು ತಡೆಯಲಿಲ್ಲ. ನಮ್ಮ ಕಡೆ ಡ್ರೈವರ್ ಇದ್ದೂ ಬಸ್ಸು ಬರದ ದಿನಗಳೇ ಹೆಚ್ಚು. ಡ್ರೈವರ್ ಇಲ್ಲದೆ ವೇಳೆಗೆ ಸರಿಯಾಗಿ ಬರುವ ಬಸ್ಸಿಗೆ ನಾವು ಅಂಜುವುದೆಂತು! ಆದರೆ ಅಕ್ಕ ನಗಲಿಲ್ಲ. ಮುಂದೆ ಕಥೆ ಹಾರಿತು. ಹುಡುಗ ಒಮ್ಮೆಲೇ ಇಪ್ಪತ್ತೊಂದು ವರ್ಷದ ಗಂಡಾಳು. ಮತ್ತೊಬ್ಬ ಹೆಂಗಸಿನ ಜೂಜಿನ ಕಟ್ಟೆಯಲ್ಲಿ ಬೆಳೆದಿದ್ದಾನೆ. ಕುಡಿಯುತ್ತಾನೆ, ಕಾರು ಓಡಿಸುತ್ತಾನೆ, ಮುಖ ಗಂಟು ಹಾಕಿಕೊಂಡು ಅಡ್ಡಾಡುತ್ತಾನೆ. ಸೈತಾನನ ಮಂದಿ ಅವನಿಗೆ ಏನೋ ಕುಡಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿದು, ಗಿಟಾರಿನ ಗದ್ದಲದಲ್ಲಿ ಕುಣಿಸುತ್ತಾರೆ. ಮೊಮ್ಮಗ, ‘ಇದ ನೋಡ್ರಿ ಹಾರರ್’ ಎಂದ. ನನಗೆ ಅದು ಬಣ್ಣ ಒಣಗುವ ಮೊದಲೇ ರಂಗದ ಮೇಲೆ ನುಗ್ಗಿದ ಹವ್ಯಾಸಿ ನಟನಂತೆ ಕಂಡಿತು. ಆಮೇಲೆ ಒಂದು ಆಸ್ಪತ್ರೆ, ಒಬ್ಬ ನರ್ಸು, ಅವಳಿಗೂ ಬಸುರು. ಮುದುಕ ಮುದುಕಿ ಮೊಮ್ಮಗನ ದಾರಿ ಕಾಯುವುದರೊಂದಿಗೆ ಮುಗಿಯಿತು.

ಮೊಮ್ಮಗ ಟೀವಿ ಆರಿಸಿದ. ಅಕ್ಕ ಮರ ಕೆಳಗಿಟ್ಟು ಕೇಳಿದಳು: ‘ಅಲ್ಲೋ ತಮ್ಮಾ, ಹಡದಾಕಿ ಎಲ್ಲಿ ಹೋದ್ಲು?’

‘ಬಸ್ಸಿನ್ಯಾಗ ಹೋದಳಲ್ಲಬೇ ಅಮ್ಮಾ’ ಎಂದ ಮೊಮ್ಮಗ.

‘ಹೋದ್ಲು ಖರೇ. ತಿರುಗಿ ಬರ್ಲಿಲ್ಲಲ್ಲ? ನಾ ಆಗಿಂದ ಕಾಯಾಕತ್ತೀನಿ.’

ಟೀವಿ ಚಿತ್ರ ಎಂಬ ಒಂದೇ ಕಾರಣಕ್ಕೆ ಕೆಟ್ಟಿತು ಎಂದರೆ ತಪ್ಪಾಗುತ್ತದೆ. ಇದಕ್ಕೂ ಐದು ವರ್ಷ ಮೊದಲು, 1971ರಲ್ಲಿ, ಅದೇ ವಾಹಿನಿಯಲ್ಲಿ ‘ಡ್ಯುಯೆಲ್’ ಬಂದಿತ್ತು. ಸ್ಟೀವನ್ ಸ್ಪೀಲ್‌ಬರ್ಗ್ ಆಗ ಇಪ್ಪತ್ತೈದೂ ತುಂಬದ ಹುಡುಗ. ಒಂದು ಕಾರು, ಅದರ ಬೆನ್ನು ಹತ್ತಿದ ಒಂದು ಹಳೆಯ ಲಾರಿ, ಅಷ್ಟೇ ಕಥೆ. ಲಾರಿಯಲ್ಲಿ ಡ್ರೈವರ್ ಇದ್ದಾನೆ, ಕೈ ಕಾಣುತ್ತದೆ, ಬೂಟು ಕಾಣುತ್ತವೆ, ಮುಖ ಮಾತ್ರ ಕಡೆತನಕ ಕಾಣುವುದಿಲ್ಲ. ನೋಡುವವನ ಹೊಟ್ಟೆಯಲ್ಲಿ ನೀರು ಕುದಿಯುತ್ತದೆ. ಅದೂ ಟೀವಿಯೇ, ನಡುನಡುವೆ ಅದಕ್ಕೂ ಸಾಬೂನಿನ ಜಾಹೀರಾತು ಬಂದಿದ್ದೀತು. ಡ್ರೈವರ್ ಇಲ್ಲದ ಬಸ್ಸಿಗಿಂತ, ಇದ್ದೂ ಮುಖ ಕಾಣದ ಡ್ರೈವರ್ ಎಷ್ಟೋ ಪಾಲು ಭಯಂಕರ.  

1976 ಎಂದ ಕೂಡಲೇ ಒಂದು ಮಾತು ನೆನಪಾಗುತ್ತದೆ, ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳಿಬಿಡುತ್ತೇನೆ. ಅಮೆರಿಕದವರು ಟೀವಿಯಲ್ಲಿ ಸೈತಾನನ ಮಗನನ್ನು ನೋಡುತ್ತಿದ್ದ ಕಾಲಕ್ಕೆ ರೋಣದಲ್ಲಿ ನಾವು ಟೀವಿಯನ್ನೇ ನೋಡಿರಲಿಲ್ಲ. ಎಟಿಎಸ್-6 ಎಂಬ ಅವರದೇ ಉಪಗ್ರಹವನ್ನು ಎರವಲು ಪಡೆದು, 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನಮ್ಮ ಸರಕಾರ ಟೀವಿ ತೋರಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ. ರೋಣ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಮಲಪ್ರಭೆಯ ಆಚೆ ಬಾದಾಮಿ, ಅದು ವಿಜಾಪುರ ಜಿಲ್ಲೆ. ಮೂಡಣಕ್ಕೆ ಯಲಬುರ್ಗಾ, ಕುಷ್ಟಗಿ, ಅವು ರಾಯಚೂರು ಜಿಲ್ಲೆ. ಎರಡೂ ಬದಿಗೆ ಟೀವಿ ಜಿಲ್ಲೆ, ನಡುವೆ ನಾವು! ನಮಗೆ ಇದ್ದದ್ದು ಈ ಧಾರವಾಡ ಆಕಾಶವಾಣಿ ಒಂದೇ. ನಾಟಕದ ದಿನ ಮನೆಮಂದಿ ರೇಡಿಯೋ ಸುತ್ತ ಕೂಡುತ್ತಿದ್ದೆವು. ಬಾಗಿಲು ಕಿರ್ ಎಂದ ಸದ್ದು, ಗೆಜ್ಜೆ, ದೂರದ ನಾಯಿ. ಉಳಿದದ್ದನ್ನು ನಾವೇ ಕಾಣುತ್ತಿದ್ದೆವು. ಅಂಜಿಕೆಯ ದಾರಿ ಕಿವಿಯಿಂದಲೇ ಹತ್ತಿರ ಎಂದು ನನಗೆ ಆಗಿನಿಂದಲೂ ಅನಿಸಿದೆ. ಇದನ್ನು ರೇಡಿಯೋದಲ್ಲಿ ಹೇಳುತ್ತಿದ್ದೇನೆ ಎಂದು ರೇಡಿಯೋ ಹೊಗಳಿದೆ ಎಂದುಕೊಳ್ಳಬೇಡಿರಿ.

ಕಿವಿಯಿಂದ ಬಂದ ಅಂಜಿಕೆ ಇನ್ನೊಂದಿದೆ. 1990ರ ದಶಕದಲ್ಲಿ ನಾನು ನರಗುಂದದಲ್ಲಿ ಮಾಸ್ತರನಾಗಿದ್ದೆ. ಗುಡ್ಡದ ಕೆಳಗೆ ಒಂದು ಬಾಡಿಗೆ ಮನೆ. ಆಗ ಕರ್ನಾಟಕದ ಎಷ್ಟೋ ಊರುಗಳಲ್ಲಿ ಎದ್ದ ಹಾಗೆ ನಮ್ಮ ಓಣಿಯಲ್ಲೂ ಒಂದು ಸುದ್ದಿ ಎದ್ದಿತು. ರಾತ್ರಿ ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ, ಅವ್ವನ ದನಿಯಲ್ಲಿ ಕರೆಯುತ್ತದೆ, ತೆರೆದರೆ ಸತ್ತಂತೆ. ಅದಕ್ಕೆ ಮದ್ದು ಎಂದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ನಂಬಿಕೆ ಕನ್ನಡ ಮಾಸ್ತರನಾದ ನನಗೆ ಸಂತೋಷವನ್ನೇ ಕೊಟ್ಟಿತು. ನಾನು ನಂಬಿರಲಿಲ್ಲ. ಆದರೆ ಒಂದು ರಾತ್ರಿ ಹೊರಗಿನಿಂದ ಯಾರೋ ನನ್ನ ಮನೆಯ ಹೆಸರು ಹಿಡಿದು ಕೂಗಿದಂತಾಯಿತು. ಊರಲ್ಲಿದ್ದ ಅವ್ವನದೇ ದನಿ. ಎದ್ದು ಹೋಗಿ ತೆರೆಯಬೇಕು ಎನಿಸಿದ್ದೂ ಖರೆ, ತೆರೆಯಬಾರದು ಎನಿಸಿದ್ದೂ ಖರೆ. ಬೆಳಿಗ್ಗೆ ಸಾಲೆಯಿಂದ ಒಂದು ಚೂರು ಸುಣ್ಣದ ಬಳಪ ಕಿಸೆಗೆ ಹಾಕಿಕೊಂಡು ಬಂದೆ. ಆ ಸುದ್ದಿ ಹುಟ್ಟಿಸಿದವನು ಯಾರೇ ಇರಲಿ, ಕಥೆ ಕಟ್ಟುವುದನ್ನು ಬಲ್ಲವನು. ಹಲ್ಲು, ಉಗುರು, ಕೆದರಿದ ಕೂದಲು ಯಾವುದನ್ನೂ ನೆಚ್ಚಲಿಲ್ಲ. ಅವ್ವನ ದನಿಯನ್ನು ನೆಚ್ಚಿದ.

ಮತ್ತೆ ಕೂಸಿನ ಮಾತಿಗೆ ಬರೋಣ. ವಿಕಾರದ ಕೂಸು ನಮಗೆ ಹೊಸದೇ? ಮಹಾಭಾರತ ತೆರೆದರೆ ಸಾಲುಸಾಲು. ಗಾಂಧಾರಿಯ ಹೊಟ್ಟೆಯಿಂದ ಮಾಂಸದ ಮುದ್ದೆ ಬಿತ್ತು. ದುರ್ಯೋಧನ ಹುಟ್ಟುತ್ತಲೇ ಕತ್ತೆಯಂತೆ ಕಿರುಚಿದ, ಇದನ್ನು ಬಿಟ್ಟುಬಿಡು ಎಂದು ವಿದುರ ಹೇಳಿದ, ಅಪ್ಪನಿಗೆ ಮನಸ್ಸಾಗಲಿಲ್ಲ. ಜರಾಸಂಧ ಇಬ್ಬರು ತಾಯಂದಿರಿಗೆ ಅರ್ಧರ್ಧ ಹುಟ್ಟಿದ. ಹೆದರಿ ಹೊರಗೆ ಎಸೆದರು. ಜರೆ ಎಂಬ ರಾಕ್ಷಸಿ ತಿನ್ನಲೆಂದು ಎತ್ತಿಕೊಂಡು, ಒಯ್ಯಲು ಸುಲಭವಾಗಲಿ ಎಂದು ಎರಡೂ ಹೋಳು ಜೋಡಿಸಿದರೆ ಕೂಸು ಕೂಡಿಕೊಂಡು ಅತ್ತಿತು. ತಿನ್ನಲು ಬಂದವಳು ಕೂಸನ್ನು ಅರಸನಿಗೆ ತಂದು ಒಪ್ಪಿಸಿದಳು. ತೊಟ್ಟಿಲ ಮುಂದೆ ನಿಂತ ರೋಸ್‌ಮೆರಿಯ ಕೈಯಿಂದ ಚೂರಿ ಬಿದ್ದಂತೆಯೇ ಇದು.

ಎಲ್ಲಕ್ಕಿಂತ ನನಗೆ ಬೇಕಾದವನು ಶಿಶುಪಾಲ. ಮೂರು ಕಣ್ಣು, ನಾಲ್ಕು ಕೈ ಹೊತ್ತು ಹುಟ್ಟಿದ. ತಾಯಿತಂದೆ ಬಿಟ್ಟುಬಿಡಬೇಕು ಎಂದುಕೊಂಡಾಗ ಒಂದು ಅಶರೀರವಾಣಿ ಆಯಿತು: ಸಾಕಿರಿ, ಯಾರ ತೊಡೆಯ ಮೇಲೆ ಇಟ್ಟಾಗ ಇದರ ಹೆಚ್ಚಿನ ಕೈ ಉದುರಿ ಹೆಚ್ಚಿನ ಕಣ್ಣು ಮುಚ್ಚಿಹೋಗುವುದೋ ಅವನೇ ಇದನ್ನು ಕೊಲ್ಲುವವನು. ಈಗ ಆ ತಾಯಿಯ ಸ್ಥಿತಿ ನೆನೆಯಿರಿ. ಮನೆಗೆ ಬಂದ ಪ್ರತಿ ಅರಸನ ತೊಡೆಯ ಮೇಲೂ ಕೂಸನ್ನು ಇಡಬೇಕು. ಕೂಸು ನೆಟ್ಟಗಾಗಲಿ ಎಂಬುದೂ ಆಸೆ, ನೆಟ್ಟಗಾಗದಿರಲಿ ಎಂಬುದೂ ಆಸೆ. ನೆಟ್ಟಗಾದ ಕ್ಷಣವೇ ಕೊಲ್ಲುವವನು ಯಾರೆಂದು ಗೊತ್ತಾಗುತ್ತದೆ. ಕಡೆಗೆ ಅದು ಕೃಷ್ಣನ ತೊಡೆ, ಅವಳ ಸ್ವಂತ ಅಣ್ಣನ ಮಗ. ನೂರು ತಪ್ಪು ಸೈರಿಸು ಎಂದು ಅವನಿಂದ ಮಾತು ತೆಗೆದುಕೊಂಡಳು. ನೂರು ಬಹಳ ಎಂದುಕೊಂಡಿದ್ದಾಳು ಪಾಪ. ಕುಮಾರವ್ಯಾಸನ ನಾಡಿನವರು ನಾವು, ಪುರಾಣದಲ್ಲಿ ಈ ಭಾಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೂರನೆಯ ಕಣ್ಣು ಎಷ್ಟು ದೊಡ್ಡದಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ಅದು ಪುರಾಣವಾಯಿತು. ನಮ್ಮ ಕಡೆ ಪ್ರತಿ ಭಾದ್ರಪದಕ್ಕೆ ಒಂದು ವಿಕಾರದ ಕೂಸು ಹುಟ್ಟಿ ಮನೆಮನೆಗೆ ಬರುತ್ತದೆ, ನೀವೆಲ್ಲ ನೋಡಿದ್ದೀರಿ. ಜೋಕುಮಾರ. ಗಣಪತಿ ಬಂದು ನಾಲ್ಕು ದಿನಕ್ಕೆ, ಅಷ್ಟಮಿಗೆ ಹುಟ್ಟುತ್ತಾನೆ. ಏಳು ದಿನ ಬದುಕುತ್ತಾನೆ. ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಮಣ್ಣಿನ ಮೂರ್ತಿ, ಅಗಲ ಮುಖ, ಬಟ್ಟಲುಗಣ್ಣು, ತೆರೆದ ಬಾಯಿ. ಹುಟ್ಟಿದ ದಿನವೇ ಹುರಿ ಮೀಸೆ. ಉಳಿದ ಅಂಗದ ವರ್ಣನೆ ಆಕಾಶವಾಣಿಯಲ್ಲಿ ಬೇಡ, ಬಲ್ಲವರು ಬಲ್ಲಿರಿ. ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿಕೊಂಡು, ತಲೆಯ ಮೇಲೆ ಹೊತ್ತು, ಅಂಬಿಗರ ಮನೆತನದ ಹೆಣ್ಣುಮಕ್ಕಳು ಊರೂರು ತಿರುಗುತ್ತಾರೆ, ಹಾಡುತ್ತಾರೆ. ಮನೆಯವರು ಮರದಲ್ಲಿ ಜೋಳ ತಂದು ಹಾಕುತ್ತಾರೆ, ಅವನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ತಿರುಗಿ ಅವರಿಂದ ಬೇವಿನೆಲೆ, ಕಾಡಿಗೆ, ಹಿಡಿ ನುಚ್ಚು. ಆ ನುಚ್ಚಿನ ಅಂಬಲಿ ಮಾಡಿ ಹೊಲಕ್ಕೆ ಚರಗ ಚೆಲ್ಲಿದರೆ ಹುಳ ಬೀಳುವುದಿಲ್ಲ, ಉತ್ತರಿ ಮಳೆ ಹಿಡಿಯುತ್ತದೆ ಎಂದು ನಂಬಿಕೆ.

ಏಳೇ ದಿನದಲ್ಲಿ ಹುಟ್ಟಿ, ಬೆಳೆದು, ಊರ ಹೆಣ್ಣುಮಕ್ಕಳ ಗೋಳು ಹೊಯ್ದುಕೊಂಡು, ಅಗಸರ ಕೇರಿಯಲ್ಲಿ ಹೊಡೆತ ತಿಂದು ಸಾಯುವ ಪುಂಡ ಅವನು. ಅಮೆರಿಕದ ಚಿತ್ರದವರು ಕೂಸನ್ನು ಅವಸರದಿಂದ ಬೆಳೆಸಿಬಿಟ್ಟರು ಎಂದು ನಾನು ದೂರಬೇಕೆಂದಿದ್ದೆ. ಜೋಕುಮಾರ ಅವರಿಗಿಂತ ಅವಸರದವನು ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದಾಗ ಈ ಪುಂಡತನದಿಂದಲೇ ಗೌಡಕಿಯನ್ನು ಕೆಣಕಿದರು. ಹಿರಿಯರು ಹೇಳುವ ಇನ್ನೊಂದು ಮಾತೂ ಇದೆ. ಗಣಪ ಇಲ್ಲಿ ಕಡಬು, ಮೋದಕ ಹೊಟ್ಟೆ ತುಂಬ ತಿಂದು ಹೋಗಿ, ಭೂಲೋಕದವರು ಸುಖವಾಗಿದ್ದಾರೆ ಎಂದು ಶಿವನಿಗೆ ಹೇಳುತ್ತಾನಂತೆ. ಕೇರಿಕೇರಿ ತಿರುಗಿ ನುಚ್ಚು ಅಂಬಲಿ ಕಂಡ ಜೋಕುಮಾರ ಹೋಗಿ, ಇಲ್ಲ, ಮಳೆ ಇಲ್ಲ, ಬೆಳೆ ಇಲ್ಲ, ಜನ ಸಾಯುತ್ತಿದ್ದಾರೆ ಎಂದು ಅಳುತ್ತಾನಂತೆ. ಆಗ ಮಳೆ ಬರುತ್ತದೆ. ನೀರಿಗಾಗಿ ನರಗುಂದದ ರೈತರು ಎಷ್ಟು ದಿನ ಬಯಲಲ್ಲಿ ಧರಣಿ ಕೂತವರು ಎಂಬುದು ನಿಮಗೆ ಗೊತ್ತು. ದೂರು ಒಯ್ಯುವವನು ಒಬ್ಬ ಬೇಕೇ ಬೇಕು, ಅವನು ಚೆಲುವನೇ ಆಗಿರಬೇಕೆಂದು ಏನಿಲ್ಲ.

ನನ್ನ ಅವ್ವನ ತವರು ನರಗುಂದ ಸೀಮೆ, ಬೆಣ್ಣಿಹಳ್ಳದ ದಂಡೆಯ ಊರು. ಎಂಟು ವರ್ಷದವನಿದ್ದಾಗ ಜೋಕುಮಾರ ಹುಣ್ಣಿಮೆಗೆ ಅಲ್ಲಿದ್ದೆ. ಸಣ್ಣ ಹುಡುಗರು ಆ ರಾತ್ರಿ ಹೊರಗೆ ಬರಬಾರದು ಎಂದು ಅಮ್ಮ, ಅಂದರೆ ಅವ್ವನ ಅವ್ವ, ಗದರಿಸಿ ಮಾಳಿಗೆಯ ಮೇಲೆ ತನ್ನ ಪಕ್ಕ ಮಲಗಿಸಿಕೊಂಡಿದ್ದಳು. ಬೆಳದಿಂಗಳು ಹಿಟ್ಟು ಚೆಲ್ಲಿದಂತೆ ಇತ್ತು. ನಡುರಾತ್ರಿ ಅಗಸರ ಕೇರಿಯ ಕಡೆಯಿಂದ ಹಾಡು ಕೇಳಿಸಿತು. ದಿನಾ ಕೇಳಿದ್ದ ಹಾಡೇ, ಆದರೆ ಸುತ್ತು ಹೊಡೆದಂತೆ ಜೋರಾಗುತ್ತ ಹೋಯಿತು. ಆಮೇಲೆ ಹಾಡು ನಿಂತಿತು. ಧಪ್, ಧಪ್ ಎಂದು ಒನಕೆಯ ಪೆಟ್ಟು. ಭತ್ತ ಕುಟ್ಟುವ ಪೆಟ್ಟಿಗೂ ಅದಕ್ಕೂ ವ್ಯತ್ಯಾಸವಿತ್ತು, ಏನೆಂದು ಹೇಳಲಾರೆ. ಅದೂ ನಿಂತಿತು. ಬಳಿಕ ಹೆಂಗಸರು ಅತ್ತರು. ಏಳು ದಿನ ತಲೆಯ ಮೇಲೆ ಹೊತ್ತವರು, ಬೆಣ್ಣೆ ತಿನ್ನಿಸಿದವರು, ಈಗ ಸಾಯಿಸಿ ತಾವೇ ಅಳುತ್ತಿದ್ದರು. ನಾನು ಅಮ್ಮನ ಕಡೆ ಹೊರಳಿದೆ. ಅವಳು ಮಲಗಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಕೂತಿದ್ದಳು.

ಮುಂದಿನ ಮೂರು ದಿನ ಅಗಸರು ಹಳ್ಳಕ್ಕೆ ಹೋಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಜೋಕುಮಾರ ಇರುತ್ತಾನೆ, ಒಗೆಯಲು ಹೋದರೆ ಅವನು ಅಳುವುದು ಕೇಳಿಸುತ್ತದೆ ಎಂದರು. ನಾಲ್ಕನೆಯ ದಿನ ಅಮ್ಮನ ಕಣ್ಣು ತಪ್ಪಿಸಿ ನಾನು ಒಬ್ಬನೇ ಹಳ್ಳಕ್ಕೆ ಹೋಗಿ ಆ ಕಲ್ಲಿಗೆ ಕಿವಿ ಹಚ್ಚಿದ್ದೆ. ಕಲ್ಲು ಬಿಸಿಲಿಗೆ ಕಾದಿತ್ತು. ನೀರು ಹರಿಯುವ ಸದ್ದು ಬಿಟ್ಟು ಬೇರೆ ಏನೂ ಕೇಳಲಿಲ್ಲ. ಆದರೂ ಓಡಿ ಬಂದೆ.

ಅರವತ್ತು ವರ್ಷದ ಮೇಲೆ, ಟೀವಿಯ ಮುಂದೆ ಕೂತು, ಅಂಥದ್ದೇ ಕೂಸಿನ ಕಥೆಗೆ ನಾನು ಆಕಳಿಸಿದೆ. ದೋಷ ಬಿಳಿ ಬಣ್ಣದ್ದಲ್ಲ, ಬಸ್ಸಿನದೂ ಪೂರ್ತಿ ಅಲ್ಲ. ಆ ಹುಡುಗ ಕೆಟ್ಟವನೋ ಒಳ್ಳೆಯವನೋ ಎಂದು ಚಿತ್ರದಲ್ಲಿ ಚಿಂತೆ ಮಾಡುವವರು ಯಾರೂ ಉಳಿದಿರಲಿಲ್ಲ. ಸೈತಾನನ ಮಂದಿಗೆ ಅವನು ಬೇಕು, ಆದರೆ ಮಠಕ್ಕೆ ಮರಿ ಬೇಕಾದ ಹಾಗೆ. ಚಿಂತೆ ಮಾಡುವವಳನ್ನು ಬಸ್ಸು ಹತ್ತಿಸಿ ಕಳಿಸಿದ ಮೇಲೆ, ಉಳಿದದ್ದು ಯಾರದೋ ಮನೆಯ ಪುಂಡ ಹುಡುಗ. ಊರಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದಾರೆ, ನೋಡಿ ಯಾರೂ ಬೆಚ್ಚುವುದಿಲ್ಲ. ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ 1985ರಲ್ಲಿ ಕನ್ನಡದಲ್ಲಿ ‘ತುಳಸಿದಳ’ ಬಂತು. ಮಾಟಕ್ಕೆ ತುತ್ತಾದ ಹುಡುಗಿಯ ಕಥೆ ಅದು. ಕೂಸು ಅಲ್ಲಿ ವಿಕಾರವಲ್ಲ, ವಿಕಾರಕ್ಕೆ ಬಲಿ. ನಮ್ಮ ಕಥೆಗಾರರಿಗೆ ಕೂಸಿನ ಮೇಲೆ ತಪ್ಪು ಹೊರಿಸಲು ಕೈ ಬರುವುದಿಲ್ಲವೇನೋ. ಅದನ್ನು ಗುಣ ಎನ್ನಬೇಕೋ ಅಳುಕು ಎನ್ನಬೇಕೋ ನಾನು ಇನ್ನೂ ತೀರ್ಮಾನಿಸಿಲ್ಲ.

ಗಜೇಂದ್ರಗಡದ ಆ ರಾತ್ರಿ ಕಳೆದು ಬೆಳಗಾಯಿತು. ಪಕ್ಕದ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಶುರುವಾಗಿರಲಿಲ್ಲ. ಹಾಡು ಕೇಳಿಸಿತು. ‘ಬಂದ್ರು ನೋಡು’ ಎಂದು ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಮೂವರು ಹೆಣ್ಣುಮಕ್ಕಳು ತಲಬಾಗಿಲು ದಾಟಿ ಒಳಗೆ ಬಂದರು. ಹಿರಿಯಾಕೆಯ ತಲೆಯ ಮೇಲೆ ಬುಟ್ಟಿ. ಅವಳು ಅದನ್ನು ಕಟ್ಟೆಯ ಮೇಲೆ ಇಳಿಸಿ, ಬೇವಿನ ಸೊಪ್ಪು ಸರಿಸಿದಳು.

ನಿದ್ದೆಗಣ್ಣಿನಲ್ಲಿ ಬಂದ ಮೊಮ್ಮಗ ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನಿಜ, ಹತ್ತಿರದಿಂದ ನೋಡಿದರೆ ಹಾಗೇ ಆಗುತ್ತದೆ. ಮೂರು ದಿನದ ಬೆಣ್ಣೆ ಒಂದರ ಮೇಲೊಂದು ಹತ್ತಿ, ಬಾಯಿಯ ಸುತ್ತ ಧೂಳು ಕೂಡಿ, ಮುಖದ ಕೆಳಗಿನ ಅರ್ಧ ಕರಗಿದಂತೆ ಕಾಣುತ್ತಿತ್ತು. ಕಣ್ಣು ಮಾತ್ರ ಅಗಲವಾಗಿ ತೆರೆದಿದ್ದವು. ಅಕ್ಕ ಬೆಣ್ಣೆಯ ಬಟ್ಟಲು ತಂದು ಹುಡುಗನ ಕೈಗೆ ಕೊಟ್ಟಳು.

‘ನಾ ಒಲ್ಲೆಬೇ ಅಮ್ಮಾ.’

‘ಹಚ್ಚೋ. ಏನೂ ಮಾಡಂಗಿಲ್ಲ ಅದು.’

ಅವನು ಬೆರಳ ತುದಿಯಿಂದ ಒಂದಿಷ್ಟು ಸವರಿದ. ಬುಟ್ಟಿಯಾಕೆಗೆ ಅದು ಮನಸ್ಸಿಗೆ ಬರಲಿಲ್ಲ. ‘ಕೂಸು ಬೆಳಗಿನಿಂದ ಉಪಾಸ ಐತ್ರೀ ಅಪ್ಪಾರ, ದೊಡ್ಡದಾಗಿ ಹಚ್ಚರಿ’ ಎಂದಳು. ಹುಡುಗ ನಗಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದ. ಈ ಸಲ ಮೂರು ಬೆರಳಿನಿಂದ ತೆಗೆದು ಹಚ್ಚಿದ. ಅಕ್ಕ ಜೋಳ ಹಾಕಿದಳು, ನುಚ್ಚು, ಬೇವಿನೆಲೆ ಸೆರಗಿಗೆ ಕಟ್ಟಿಕೊಂಡಳು. ಆಕೆ ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು. ನಮ್ಮ ಅಕ್ಕನ ಮನೆಯ ತಲಬಾಗಿಲು ಹಳೆಯದು, ಗಿಡ್ಡ. ಮೇಲಿನ ಪಟ್ಟಿಗೆ ತಾಗೀತೆಂದು ಆಕೆ ಒಂದು ಕೈಯನ್ನು ಕೂಸಿನ ತಲೆಗೆ ಅಡ್ಡ ಹಿಡಿದು, ಸೊಂಟ ಬಗ್ಗಿಸಿ ಹೊರಗೆ ದಾಟಿದಳು. ಅವತ್ತು ಏಕಾದಶಿ. ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು.